ಸೋವಿ ಯಾವುದು, ತುಟ್ಟಿ ಯಾವುದು? ಬಾದಾಮಿ ಸೀಮೆಯ ಮಾಳಿಗೆಯ ಚರಿತ್ರೆ

ಮಲಪ್ರಭೆಯ ದಂಡೆಯ ಊರುಗಳಲ್ಲಿ ಇಂದು ಮನೆ ಕಟ್ಟಲು ಹೊರಟವರ ಮುಂದೆ ಮೂರು ಬಗೆಯ ಸೂರುಗಳಿವೆ: ಮಣ್ಣಿನ ಮಾಳಿಗೆ, ತಗಡು, ಆರ್‌ಸಿಸಿ ಸ್ಲ್ಯಾಬು. ಪಟ್ಟದಕಲ್ಲಿನಿಂದ ಹುನಗುಂದದವರೆಗೆ, ಬಾದಾಮಿಯಿಂದ ಇಳಕಲ್ಲಿನವರೆಗೆ ಇವುಗಳಿಗೆ ಜನ ಕಟ್ಟುವ ಬೆಲೆಯ ಅನುಕ್ರಮ ಹೆಚ್ಚುಕಡಿಮೆ ಒಂದೇ. ಮಣ್ಣು ಸೋವಿ, ಬಡವರದ್ದು, ಹಿಂದಿನ ಕಾಲದ್ದು. ತಗಡು ನಡುವಿನದು, ಸದ್ಯದ ಅಡಚಣೆಗೆ ಆಗಿಬರುವಂಥದ್ದು. ಸ್ಲ್ಯಾಬು ತುಟ್ಟಿ, ಸ್ಥಿತಿವಂತರದ್ದು, ಒಮ್ಮೆ ಹಾಕಿಸಿದರೆ ಮುಗಿಯಿತು. ಈ ಅನುಕ್ರಮ ಎಷ್ಟು ಸಹಜವಾಗಿ ಬೇರೂರಿದೆಯೆಂದರೆ, ಅದು ಹುಟ್ಟಿದ್ದು ಇತ್ತೀಚೆಗೆ ಎಂಬುದೇ ಮರೆತುಹೋಗಿದೆ. ಆದರೆ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಮಾಳಿಗೆ ಎಂದೂ ಸೋವಿಯದಾಗಿರಲಿಲ್ಲ. ಅದು ಮರ, ಮಣ್ಣು ಮತ್ತು ವರ್ಷ ವರ್ಷದ ದುಡಿಮೆಯನ್ನು ಧಾರಾಳವಾಗಿ ಬೇಡುತ್ತಿದ್ದ, ಬಿಸಿಲ ನಾಡಿಗೆ ಅಳೆದು ಮಾಡಿದ ದುಬಾರಿ ಸೂರು. ಸ್ಲ್ಯಾಬು ಗೆದ್ದದ್ದು ಅದಕ್ಕಿಂತ ಒಳ್ಳೆಯ ನೆರಳು ಕೊಟ್ಟು ಅಲ್ಲ, ನಾವು ಬೆಲೆಯನ್ನು ಲೆಕ್ಕ ಹಾಕುವ ಬಗೆ ಬದಲಾದದ್ದರಿಂದ.

ಮೊದಲು ನೆಲವನ್ನು ನೋಡಬೇಕು. ಇದು ವರ್ಷಕ್ಕೆ ಆರು ನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಅರೆಬರದ ಸೀಮೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣತೆ ನೆರಳಿನಲ್ಲೇ 40 ಡಿಗ್ರಿಯ ಹತ್ತಿರ ಸುಳಿಯುತ್ತದೆ. ಪುಷ್ಯದ ನಸುಕಿನಲ್ಲಿ 15 ಡಿಗ್ರಿಗೋ ಅದಕ್ಕೂ ಕೆಳಗೋ ಇಳಿಯುತ್ತದೆ. ಹಗಲಿಗೂ ರಾತ್ರಿಗೂ ಇರುವ ಅಂತರವೇ ಇಲ್ಲಿನ ಹವೆಯ ಗುಣ. ಕೈಗೆ ಸಿಗುವ ಸಾಮಗ್ರಿಯೂ ಅಷ್ಟೇ ವಿಶೇಷವಾದದ್ದು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಪದರ ಪದರವಾಗಿ ಬಿಡಿಸಬಹುದಾದ ಕೆಂಪು ಮರಳುಗಲ್ಲು. ಬಾಗಲಕೋಟೆಯ ಸುತ್ತ ಸುಣ್ಣದ ಕಲ್ಲು. ಇಳಕಲ್ಲಿನ ಕಡೆಗೆ ಕೆಂಪು, ಗುಲಾಬಿ ಛಾಯೆಯ ಗ್ರಾನೈಟು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲು, ಎಂದರೆ ಕೆಂಪು ಊರು. ಊರಿನ ಹೆಸರೇ ಅದರ ಕಲ್ಲುಮಣ್ಣಿನಿಂದ ಬಂತು. ಇಂಥ ಕಡೆ ಮನೆ ಎಂದರೆ ಚಳಿಗೆ ಬೆಂಕಿ ಹಾಕುವ ಜಾಗವಲ್ಲ, ಬಿಸಿಲನ್ನು ತಡೆದು ನಿಲ್ಲಿಸುವ ಜಾಗ. ಅಗ್ಗಿಷ್ಟಿಕೆ ಬೇಕಾದದ್ದು ಬಾಣಂತಿಯ ಕೋಣೆಗೆ, ಮುದುಕರ ಮಗ್ಗುಲಿಗೆ, ಅದೂ ವರ್ಷದಲ್ಲಿ ಕೆಲವು ವಾರ. ಉಳಿದ ಕಾಲವೆಲ್ಲ ಸೂರಿಗೂ ಸೂರ್ಯನಿಗೂ ನಡೆಯುವ ಹೋರಾಟ.

ಈ ಹೋರಾಟದ ಅತಿ ಹಳೆಯ ಸಾಕ್ಷಿ ಮನೆಗಳಲ್ಲಿ ಉಳಿದಿಲ್ಲ, ಗುಡಿಗಳಲ್ಲಿ ಉಳಿದಿದೆ. ಚಾಲುಕ್ಯರ ಅರಮನೆಯಾಗಲಿ, ಅವರ ಕಾಲದ ಒಕ್ಕಲು ಮನೆಯಾಗಲಿ ಇಂದು ನಿಂತಿಲ್ಲ. ಆದರೆ ಐಹೊಳೆಯ ಲಾಡಖಾನ ಗುಡಿಯ ಮಾಡನ್ನು ತಲೆಯೆತ್ತಿ ನೋಡಿದವರಿಗೆ ಅಂದಿನ ಬಡಿಗರ ಕೆಲಸ ಕಾಣುತ್ತದೆ. ಇಳಿಜಾರಾಗಿ ಹೊಂದಿಸಿದ ಹಾಸುಗಲ್ಲುಗಳು. ಎರಡು ಕಲ್ಲು ಕೂಡುವ ಸಂದಿನ ಮೇಲೆ ಮರದ ದಿಮ್ಮಿಯ ಹಾಗೆ ಮಲಗಿಸಿದ ಉದ್ದನೆಯ ಕಲ್ಲುಪಟ್ಟಿಗಳು. ಕಲ್ಲಿಗೆ ಈ ರೂಪ ಬೇಕಿರಲಿಲ್ಲ, ಮರಕ್ಕೆ ಬೇಕಿತ್ತು. ಮರದ ಮನೆಯ ಸೂರನ್ನು ನೋಡಿ ಬೆಳೆದ ಕೈಗಳು ಅದನ್ನೇ ಕಲ್ಲಿನಲ್ಲಿ ಮತ್ತೆ ಕಟ್ಟಿದವು. ಹಿಂದೆ ಈ ಗುಡಿಯನ್ನು 5ನೇ ಶತಮಾನದ್ದೆಂದು ಹೇಳುತ್ತಿದ್ದರು, ಈಗಿನ ವಿದ್ವಾಂಸರು 7–8ನೇ ಶತಮಾನಕ್ಕೆ ತರುತ್ತಾರೆ. ನಮ್ಮ ವಾದಕ್ಕೆ ಆ ವ್ಯತ್ಯಾಸದಿಂದ ಬಾಧೆಯಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನ ಇನ್ನೊಂದು ಸುಳಿವು ಕೊಡುತ್ತದೆ. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಈ ಗುಡಿಯ ಶಿಲ್ಪಿಗಳಲ್ಲೊಬ್ಬ ಸರ್ವಸಿದ್ಧಿ ಆಚಾರಿ. ಅವನನ್ನು ಹೊಗಳುವಾಗ ಶಾಸನ ಗುಡಿಯಷ್ಟನ್ನೇ ಹೇಳುವುದಿಲ್ಲ. ವಾಸ್ತು, ಪ್ರಾಸಾದ, ವಾಹನ, ಪೀಠ, ಮಂಚ, ಕಿರೀಟಗಳವರೆಗೆ ಅವನ ಜಾಣ್ಮೆಯನ್ನು ಎಣಿಸುತ್ತದೆ. ಗುಡಿಯ ಕೆಲಸ, ಮನೆಯ ಕೆಲಸ ಎಂಬ ಗೋಡೆ ಆ ಕುಶಲಕರ್ಮಿಗಳ ನಡುವೆ ಇರಲಿಲ್ಲ. ದಪ್ಪ ಕಲ್ಲುಗೋಡೆ, ಬಿಸಿಲನ್ನು ಸೋಸಿ ಬೆಳಕು ಬಿಡುವ ಜಾಲಂದ್ರ, ಒಳಗಿನ ತಣ್ಣನೆಯ ಮಂಟಪ, ಇವೆಲ್ಲ ದೇವರಿಗಾಗಿ ಹೊಸದಾಗಿ ಹುಟ್ಟಿದವಲ್ಲ.

ಮುಂದಿನ ಶತಮಾನಗಳಲ್ಲಿ ಜನ ಇದನ್ನು ಇನ್ನೂ ನೇರವಾಗಿ ಸಾಬೀತುಪಡಿಸಿದರು: ಗುಡಿಗಳೊಳಗೇ ಸಂಸಾರ ಹೂಡಿದರು. ಲಾಡಖಾನ ಎಂಬುದು ದೇವರ ಹೆಸರಲ್ಲ, ಅಲ್ಲಿ ವಾಸವಿದ್ದವನ ಹೆಸರು. ಬಡಿಗೇರ ಗುಡಿ, ಅಂಬಿಗೇರ ಗುಡಿ, ಗೌಡರ ಗುಡಿ ಎಂಬ ಹೆಸರುಗಳು ಹತ್ತಿರದ ಒಕ್ಕಲುಗಳ ಗುರುತನ್ನು ಹೊತ್ತಿವೆ. ಪಟ್ಟದಕಲ್ಲಿನಲ್ಲೂ ಮನೆಗಳು ಗುಡಿಗಳ ಮೈಗೆ ಹೊಂದಿಕೊಂಡೇ ಬೆಳೆದವು. ಇದನ್ನು ಬರೀ ಅಜ್ಞಾನ, ಸ್ಮಾರಕದ ಬಗೆಗಿನ ಅನಾದರ ಎಂದು ಬರೆದು ಮುಗಿಸುವುದು ಸುಲಭ. ಆದರೆ ಮೇ ತಿಂಗಳ ಮಧ್ಯಾಹ್ನ ಆ ಮಂಟಪಗಳ ಕಲ್ಲು ಎಷ್ಟು ತಂಪಾಗಿರುತ್ತದೆ ಎಂಬುದನ್ನು ಗಮನಿಸಿದರೆ, ಅಲ್ಲಿ ನೆಲೆಸಿದವರು ಆ ಕಟ್ಟಡದ ಒಂದು ಗುಣವನ್ನು ಸರಿಯಾಗಿಯೇ ಅರಿತಿದ್ದರು ಎನ್ನಬೇಕಾಗುತ್ತದೆ.

ಈಗ ಮಾಳಿಗೆಗೆ ಬರೋಣ. ಕೆಸರಿನಲ್ಲಿ ಕಟ್ಟಿದ, ಎರಡಡಿಗೆ ಕಡಿಮೆಯಿಲ್ಲದ ಕಲ್ಲಿನ ಗೋಡೆ. ಒಳಗೆ ಮರದ ಕಂಬ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ. ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಕಡ್ಡಿ, ಸೊಪ್ಪು. ಅದರ ಮೇಲೆ ತುಳಿದು ಹದ ಮಾಡಿದ ಮಣ್ಣಿನ ಮೇಲ್ಮುದ್ದೆ, ಒಂದಡಿಯಷ್ಟು ದಪ್ಪ. ಎಲ್ಲಕ್ಕೂ ಮೇಲೆ ಕರಲು ಮಣ್ಣು. ಈ ಕರಲಿನ ಆಯ್ಕೆಯಲ್ಲೇ ಹಳಬರ ಜಾಣತನವೆಲ್ಲ ಅಡಗಿದೆ. ಅದು ಹುಲ್ಲೂ ಬೆಳೆಯದ, ಉಪ್ಪಿನಂಶ ತುಂಬಿದ ಬಿಳಿಚು ಮಣ್ಣು. ಅದರಲ್ಲಿರುವ ಸೋಡಿಯಂನಿಂದಾಗಿ ನೀರು ಬಿದ್ದೊಡನೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಣ್ಣ ರಂಧ್ರಗಳನ್ನು ತುಂಬಿಬಿಡುತ್ತವೆ, ನೀರು ಕೆಳಗಿಳಿಯದೆ ಮೇಲಿಂದಲೇ ಹರಿದುಹೋಗುತ್ತದೆ. ಹೊಲವನ್ನು ಕೆಡಿಸುವ ಗುಣವೇ ಮಾಳಿಗೆಯನ್ನು ಕಾಯುತ್ತದೆ; ಬೀಜ ಮೊಳೆಯದ ಮಣ್ಣಾದ್ದರಿಂದ ಬೇರು ಇಳಿದು ಸೂರು ಬಿರಿಯುವ ಭಯವೂ ಇಲ್ಲ. ಬಿಳಿಚು ಬಣ್ಣ ಬಿಸಿಲನ್ನು ಒಂದಿಷ್ಟು ಹಿಂದಕ್ಕೆ ತಳ್ಳುತ್ತದೆ. ನಡುವೆ ಬೆಳಕಿಂಡಿ: ಹಗಲು ಬೆಳಕು ಒಳಗೆ, ಬಿಸಿಗಾಳಿ ಮತ್ತು ಹೊಗೆ ಹೊರಗೆ, ಮಳೆ ಬಂದರೆ ಮುಚ್ಚಳ. ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಿದ್ದರು. ಹಗಲಿಡೀ ಬಿಸಿಲುಂಡ ಗೋಡೆ ತಡರಾತ್ರಿ ಒಳಗೆ ಶಾಖ ಬಿಡುವ ಹೊತ್ತಿಗೆ ಜನ ಮೇಲೆ, ಬಯಲ ಗಾಳಿಗೆ. ಹಾಗೆ ನೋಡಿದರೆ ಮಾಳಿಗೆ ಬರೀ ಸೂರಲ್ಲ. ಹಗಲಿಗೊಂದು, ರಾತ್ರಿಗೊಂದು ಮನೆ.

ತಂಪು ಎಂಬುದು ಹಳತಿನ ಮೇಲಿನ ಪ್ರೀತಿಯಿಂದ ಹುಟ್ಟಿದ ಭ್ರಮೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಲೆಕ್ಕ ಹಾಕಿ ನೋಡಬಹುದು. ಶಾಖ ಯಾವ ವಸ್ತುವಿನಲ್ಲೂ ಒಂದೇಟಿಗೆ ಹಾದುಹೋಗುವುದಿಲ್ಲ, ಅಲೆಯಾಗಿ ನಿಧಾನವಾಗಿ ಇಳಿಯುತ್ತದೆ, ಇಳಿಯುತ್ತಾ ಕುಗ್ಗುತ್ತದೆ. ಒಣ ಮಣ್ಣಿನಲ್ಲಿ ಒಂದಡಿ ಇಳಿಯಲು ಆ ಅಲೆಗೆ ಹತ್ತು ತಾಸಿನ ಹತ್ತಿರ ಬೇಕು, ಅಷ್ಟರಲ್ಲಿ ಅದರ ಏರಿಳಿತ ಹತ್ತರಲ್ಲೊಂದು ಪಾಲಿಗೂ ಕಡಿಮೆಯಾಗಿರುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟಿನಲ್ಲಿ ಅದು ಮೂರು ತಾಸಿನಲ್ಲೇ ದಾಟುತ್ತದೆ, ಏರಿಳಿತದ ಐದರಲ್ಲೆರಡು ಪಾಲು ಹಾಗೇ ಉಳಿದಿರುತ್ತದೆ. ತಗಡಿಗೆ ತಾಸಿನ ಮಾತೇ ಇಲ್ಲ. ಅದು ಹೊರಗಿನ ಬಿಸಿಲನ್ನು ಆಗಿಂದಾಗಲೇ ಒಳಗೆ ಬಿಡುತ್ತದೆ. ಬಿಸಿಲಿಗೆ ಬಿದ್ದ ಸೂರಿನ ಹೊರಮೈ ನಸುಕಿನ 25 ಡಿಗ್ರಿಯಿಂದ ಮಧ್ಯಾಹ್ನದ 60 ಡಿಗ್ರಿಗೆ ಏರುತ್ತದೆ ಎಂದಿಟ್ಟುಕೊಂಡರೆ, ಮಣ್ಣಿನ ಸೂರಿನ ಕೆಳಮೈಯಲ್ಲಿ ಆ 35 ಡಿಗ್ರಿಯ ಏರಿಳಿತ ಮೂರು ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ, ಸ್ಲ್ಯಾಬಿನಲ್ಲಿ ಹದಿನಾಲ್ಕರ ಆಸುಪಾಸು ಇರುತ್ತದೆ. ಕೋಣೆಯ ಗಾಳಿ, ಗೋಡೆ, ಕಿಟಕಿ ಎಲ್ಲ ಸೇರಿ ಈ ಅಂಕಿ ಮನೆಯಿಂದ ಮನೆಗೆ ಬದಲಾಗುತ್ತದೆ. ಆದರೆ ಎರಡರ ನಡುವಿನ ಅಂತರ ಅಳಿಸುವಷ್ಟು ಬದಲಾಗುವುದಿಲ್ಲ.

ಚಳಿದೇಶಗಳ ಒಂದು ಹೋಲಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಮನೆ ಕಾಯಿಸಲು ಬಿಸಿನೀರು ಹರಿಯುವ ಲೋಹದ ರೇಡಿಯೇಟರನ್ನು ಗೋಡೆಗೆ ಕೂರಿಸುತ್ತಾರೆ. 19ನೇ ಶತಮಾನದ ನಡುವಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ರಾಂಜ್ ಸಾನ್ ಗಾಲಿಯ ಹೆಸರಿನೊಂದಿಗೆ ಆ ವಸ್ತುವಿನ ಚರಿತ್ರೆ ಶುರುವಾಗುತ್ತದೆ. ತೆಳ್ಳನೆಯ ಉಕ್ಕಿನ ಸೋವಿ ಫಲಕ ಕೊಳ್ಳಬೇಕೋ, ಭಾರದ ಬೀಡುಕಬ್ಬಿಣದ ತುಟ್ಟಿ ರೇಡಿಯೇಟರು ಕೊಳ್ಳಬೇಕೋ ಎಂಬ ಚರ್ಚೆ ಅಲ್ಲಿನ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ತೆಳ್ಳನೆಯದು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಭಾರದ್ದು ತಡವಾಗಿ ಕಾದು ತಡವಾಗಿ ಆರುತ್ತದೆ. ಆದರೆ ಗೋಡೆ, ಸೂರು, ಕಿಟಕಿ ಶಾಖವನ್ನು ಹಿಡಿದಿಡದಿದ್ದರೆ ಯಾವುದನ್ನು ಕೊಂಡರೂ ಹಣ ಹೊರಗೆ ಹರಿದಂತೆಯೇ ಎಂಬುದನ್ನು ಅಲ್ಲಿನ ತಿಳಿದವರು ಮೊದಲು ಹೇಳುತ್ತಾರೆ. ನಮ್ಮ ಪ್ರಶ್ನೆಯೂ ಅದೇ, ದಿಕ್ಕು ಮಾತ್ರ ತಿರುಗುಮುರುಗು. ಸ್ಲ್ಯಾಬಿನ ಕೆಳಮೈ ಕೋಣೆಗಿಂತ ಐದು ಡಿಗ್ರಿ ಬಿಸಿಯಾಗಿದ್ದರೂ ಅದು ಪ್ರತಿ ಚದರ ಮೀಟರಿಗೆ ಸುಮಾರು 30 ವ್ಯಾಟ್ ಶಾಖವನ್ನು ಕೆಳಗೆ ಸೂಸುತ್ತದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯಲ್ಲಿ ಅದು 300 ವ್ಯಾಟಿಗೂ ಮೇಲೆ. ಬೇಸಿಗೆಯ ರಾತ್ರಿ ಒಂಬತ್ತು ಗಂಟೆಗೆ ಮಲಗಿದವರ ತಲೆಯ ಮೇಲೆ ಸಾಲ ಮಾಡಿ ಹಾಕಿಸಿದ ಒಂದು ರೇಡಿಯೇಟರು ತೂಗುತ್ತಿದೆ. ಕೆಳಗೆ ತಿರುಗುವ ಫ್ಯಾನು ಆ ಬಿಸಿಯನ್ನು ಕೋಣೆಯೆಲ್ಲ ಹರಡುತ್ತದೆ, ಹೊರಹಾಕುವುದಿಲ್ಲ.

ಹಾಗಿದ್ದರೆ ಸ್ಲ್ಯಾಬು ಗೆದ್ದದ್ದು ಹೇಗೆ? ಹಳೆಯ ಕಾಲದಲ್ಲೂ ಸೂರಿನಲ್ಲಿ ಮೇಲುಕೀಳು ಇತ್ತು. ದೇಸಾಯರ, ದೇಶಮುಖರ ವಾಡೆಗಳಿಗೆ, ಆದಿಲ್‌ಶಾಹಿ ಕಾಲದ ದೊಡ್ಡ ಕಟ್ಟಡಗಳಿಗೆ ಸುಣ್ಣದ ಗಚ್ಚು. ಒಕ್ಕಲಿಗರಿಗೆ ಮಣ್ಣಿನ ಮಾಳಿಗೆ. ಏನೂ ಇಲ್ಲದವರಿಗೆ ಹುಲ್ಲಿನ ಗುಡಿಸಲು. ಆದರೆ ಗಚ್ಚಿನ ಸೂರೂ ದಪ್ಪವೇ. ತುಟ್ಟಿಯದಕ್ಕೂ ಸೋವಿಯದಕ್ಕೂ ಇದ್ದ ಭೇದ ನೀರು ತಡೆಯುವುದರಲ್ಲಿತ್ತು. ಶಾಖ ತಡೆಯುವುದರಲ್ಲಿ ಇಬ್ಬರೂ ಒಂದೇ ನಂಬಿಕೆಯವರು. ಆ ನಂಬಿಕೆ ಮುರಿಯಲು ಶುರುವಾದದ್ದು ಸಾಮಾನು ದೂರದಿಂದ ಬರತೊಡಗಿದಾಗ. 1884ರಲ್ಲಿ ಗದಗ–ಹೋಟಗಿ ರೈಲು ದಾರಿ ಬಾದಾಮಿ, ಬಾಗಲಕೋಟೆಗಳನ್ನು ಹಾಯ್ದು ಹೋಯಿತು. ತಗಡು, ಮಂಗಳೂರು ಹಂಚು ಮುಂತಾದ ತೆಳ್ಳನೆಯ ಸೂರಿನ ಸಾಮಗ್ರಿ ದೂರದಿಂದ ಬರಲು ದಾರಿ ತೆರೆಯಿತು. ಹಣ ಕೊಟ್ಟು ಕೊಂಡು ಒಂದೇ ದಿನದಲ್ಲಿ ಹೊದಿಸಿ ಮುಗಿಸಬಹುದಾದ ಸೂರು ಈ ಸೀಮೆಗೆ ಹೊಸದು.

ಸಿಮೆಂಟಿನ ಕತೆಯಲ್ಲಿ ಬಾಗಲಕೋಟೆಗೆ ತನ್ನದೇ ಪಾಲಿದೆ. ಹಿಂದೆ ಗಚ್ಚಿಗೆ ಸುಣ್ಣ ಕೊಟ್ಟ ಅದೇ ಕಲ್ಲು, ಸ್ವಾತಂತ್ರ್ಯ ಬಂದ ಮೇಲಿನ ವರ್ಷಗಳಲ್ಲಿ ಊರ ಬಳಿಯ ಸಿಮೆಂಟು ಕಾರ್ಖಾನೆಗೆ ಹೋಗತೊಡಗಿತು. ಆದರೆ ಕಾರ್ಖಾನೆ ಹತ್ತಿರವಿದ್ದ ಮಾತ್ರಕ್ಕೆ ಸಿಮೆಂಟು ಹಳ್ಳಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ದೇಶದಲ್ಲಿ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿದ್ದವು. 1982ರಲ್ಲಿ ಆ ಹಿಡಿತ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಇತ್ತ ಕಾಡು ಕಡಿಮೆಯಾಗುತ್ತಾ ತೊಲೆ, ಜಂತಿಯ ಮರದ ಬೆಲೆ ಏರುತ್ತಲೇ ಇತ್ತು. ಒಂದು ಇಳಿಯುತ್ತಿದ್ದಾಗ ಇನ್ನೊಂದು ಏರಿತು. ಈ ಎರಡು ಗೆರೆ ಒಂದನ್ನೊಂದು ದಾಟಿದ ಮೇಲೆ ಹಳ್ಳಿಹಳ್ಳಿಗಳಲ್ಲಿ ಸ್ಲ್ಯಾಬು ಏಳತೊಡಗಿತು. ಗೌಂಡಿಗಳು ಹೊಸ ಕೆಲಸ ಕಲಿತರು. ಕರಲು ಯಾವ ಹದಕ್ಕೆ ಬಂದಾಗ ಹರಡಬೇಕೆಂದು ಬಲ್ಲ ಕೈಗಳು ಅಪರೂಪವಾದವು. ಆಯ್ಕೆ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಹೀಗೆ ಇನ್ನೊಂದು ದಾರಿ ಮುಚ್ಚಿಹೋದದ್ದರ ಫಲ.

ಇದಕ್ಕೆ ಮುದ್ರೆ ಒತ್ತಿದ್ದು ಸರ್ಕಾರಿ ಭಾಷೆ. ಜನಗಣತಿ ಮನೆಗಳನ್ನು ಸಾಮಗ್ರಿಯ ಮೇಲೆ ಶಾಶ್ವತ, ಅರೆಶಾಶ್ವತ, ತಾತ್ಕಾಲಿಕ ಎಂದು ವಿಂಗಡಿಸುತ್ತದೆ. ಆ ಪಟ್ಟಿಯಲ್ಲಿ ತಗಡಿನ ಹಾಳೆ ಶಾಶ್ವತ ಸೂರಿನ ಸಾಮಗ್ರಿ, ಮಣ್ಣು ತಾತ್ಕಾಲಿಕ. ಮೂರು ತಲೆಮಾರು ಬಾಳಿದ ಮಾಳಿಗೆ ಕಾಗದದ ಮೇಲೆ ಕಚ್ಚಾ ಆಯಿತು, ಗಾಳಿಗೆ ಹಾರಿಹೋಗಬಲ್ಲ ತಗಡು ಪಕ್ಕಾ ಆಯಿತು. 1985ರ ಇಂದಿರಾ ಆವಾಸ್ ಯೋಜನೆಯಿಂದ 2016ರ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯವರೆಗೆ ಬಡವರಿಗೆ ಮನೆ ಕೊಟ್ಟ ಕಾರ್ಯಕ್ರಮಗಳ ಉದ್ದೇಶ ಒಳ್ಳೆಯದೇ. ಕೊನೆಯದರ ಬರಹದಲ್ಲಿ ಸ್ಥಳೀಯ ಸಾಮಗ್ರಿಗೂ ಜಾಗವಿದೆ. ಆದರೆ 25 ಚದರ ಮೀಟರಿನ ಮನೆಗೆ 1.2 ಲಕ್ಷ ರೂಪಾಯಿ ಕಂತು ಕಂತಾಗಿ, ತಳಪಾಯ, ಗೋಡೆ, ಸೂರು ಎಂಬ ಹಂತ ನೋಡಿ ಬರುವಾಗ, ಫೋಟೋದಲ್ಲಿ ತಕ್ಷಣ ಪಕ್ಕಾ ಎಂದು ಕಾಣುವ ಸ್ಲ್ಯಾಬೇ ಎಲ್ಲರಿಗೂ ಅನುಕೂಲ. ದನಕ್ಕೆ ಜಾಗವಿಲ್ಲದ, ಬೆಳಕಿಂಡಿಯಿಲ್ಲದ, ತೆಳ್ಳನೆಯ ಗೋಡೆಯ ಒಂದೇ ಅಚ್ಚಿನ ಮನೆ ಹೀಗೆ ಸಾಲುಸಾಲಾಗಿ ಎದ್ದಿತು.

ಮಾಳಿಗೆಯ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ವಿರುದ್ಧದ ಮಾತುಗಳನ್ನು ಪೂರ್ಣ ತೂಕದಲ್ಲಿ ಎದುರಿಸಬೇಕು. ಅದು ಸೋರುತ್ತದೆ ಎಂಬುದು ಮೊದಲನೆಯದು. ನಿಜವೇ. ಸೋರುವ ಮಾಳಿಗೆ ಈ ನಾಡಿನ ಅನುಭವದಲ್ಲಿ ಎಷ್ಟು ಆಳಕ್ಕಿಳಿದಿತ್ತೆಂದರೆ ಶಿಶುನಾಳ ಶರೀಫರು (1819–1889) ಅದನ್ನೇ ಒಂದು ತತ್ವಪದದ ರೂಪಕ ಮಾಡಿಕೊಂಡರು. ಮುಂಗಾರಿಗೆ ಮೊದಲು ಕರಲು ತಂದು ಹರಡುವುದನ್ನು ಒಂದು ವರ್ಷ ಬಿಟ್ಟರೆ ನಾವು ಬಿಟ್ಟದ್ದನ್ನು ಮಾಳಿಗೆ ತೋರಿಸಿಕೊಡುತ್ತದೆ. ಆದರೆ ಸ್ಲ್ಯಾಬೂ ಸೋರುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುವುದನ್ನು ಕಾಣದ ಊರಿಲ್ಲ. ಮಾಳಿಗೆಯ ಸೋರಿಕೆಗೆ ಒಂದು ಬುಟ್ಟಿ ಮಣ್ಣು ಸಾಕು, ಸ್ಲ್ಯಾಬಿನ ಸೋರಿಕೆಗೆ ಮತ್ತೆ ಹಣ ಬೇಕು. ಈ ಆಕ್ಷೇಪವನ್ನು ಎರಡಕ್ಕೂ ಸಮವಾಗಿ ಹಂಚಬೇಕು.

ಎರಡನೆಯದು ನೆರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಊರೂರೇ ಕುಸಿದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಊರನ್ನೂ ಗುಡಿಗಳ ಅಂಗಳವನ್ನೂ ನುಂಗಿದಾಗ ಮತ್ತೆ ಅದೇ ಆಯಿತು. ಕೆಸರಿನ ಗಾರೆ ದಿನಗಟ್ಟಲೆ ನೀರಲ್ಲಿ ನಿಂತರೆ ಕರಗುತ್ತದೆ, ಇದಕ್ಕೆ ಸಮರ್ಥನೆಯಿಲ್ಲ. ಆದರೆ ಇದು ನದಿಯ ದಂಡೆಯಲ್ಲಿ ಎಲ್ಲಿ ಕಟ್ಟಬೇಕು, ತಳಪಾಯವನ್ನು ಯಾವುದರಿಂದ ಕಟ್ಟಬೇಕು ಎಂಬ ಪ್ರಶ್ನೆ, ಸೂರಿನ ದಪ್ಪದ ಪ್ರಶ್ನೆಯಲ್ಲ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳೇ ಎದ್ದವು. ಅವುಗಳಲ್ಲಿ ಎಷ್ಟೋ ಮನೆಗಳಿಗೆ ಜನ ಹೋಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಒಳಗೆ ಸೆಕೆ ಎಂಬ ದೂರುಗಳು ಕೇಳಿಬಂದವು. ನೆರೆಯ ಭಯವಿದ್ದೂ ಜನ ಹಳೆಯ ಊರಿಗೇ ಅಂಟಿಕೊಂಡದ್ದನ್ನು ಮೊಂಡುತನ ಎನ್ನಲು ನನಗೆ ಮನಸ್ಸಿಲ್ಲ. ವರ್ಷಕ್ಕೆ ಮೂರು ದಿನದ ನೀರಿಗೂ ನೂರು ದಿನದ ಬಿಸಿಲಿಗೂ ನಡುವೆ ಅವರು ಲೆಕ್ಕ ಹಾಕುತ್ತಿದ್ದರು, ಆ ಲೆಕ್ಕದಲ್ಲಿ ಎರಡೂ ಕಡೆ ನಷ್ಟವೇ ಇತ್ತು.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಿನ ಹಳ್ಳಿಗಳಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ಆ ಪ್ರದೇಶ ಅಂದು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಜನರನ್ನು ಕೊಂದದ್ದು ದಖನ್ನಿನ ಇದೇ ಬಗೆಯ ಮನೆ: ಕೆಸರಿನಲ್ಲಿ ಕಟ್ಟಿದ ಉರುಟುಗಲ್ಲಿನ ಗೋಡೆ, ಅದರ ಮೇಲೆ ವರ್ಷ ವರ್ಷ ಮಣ್ಣು ಹಾಕುತ್ತಾ ಎರಡಡಿಗೂ ಮೀರಿ ಬೆಳೆದ ಸೂರು. ಒಂದಡಿ ಮಣ್ಣೇ ಪ್ರತಿ ಚದರ ಮೀಟರಿಗೆ ಐದು ಕ್ವಿಂಟಲ್ ತೂಗುತ್ತದೆ; ಎರಡಡಿಯೆಂದರೆ ಒಂದು ಟನ್ನು. ಇದನ್ನು ಓದಿದ ಮೇಲೆ ಯಾರೂ ಹಳೆಯ ಮಾಳಿಗೆಯನ್ನು ಹಾಗೆಹಾಗೇ ಮರಳಿ ಕಟ್ಟಿ ಎನ್ನಲಾರರು, ನಾನೂ ಎನ್ನುವುದಿಲ್ಲ. ಆದರೆ ಕಿಲ್ಲಾರಿ ಕಲಿಸಿದ ಪಾಠ ಕಲ್ಲುಮಣ್ಣು ಬೇಡ ಎಂದಲ್ಲ. ಗೋಡೆಯ ಎರಡು ಮೈಗಳನ್ನು ಹೊಲಿದಂತೆ ಹಿಡಿಯುವ ಅಡ್ಡಗಲ್ಲು ಇರಬೇಕು, ಗೋಡೆಯ ಸುತ್ತ ಪಟ್ಟಿ ಬೇಕು, ಸೂರಿನ ಹೆಚ್ಚುವರಿ ಮಣ್ಣನ್ನು ಇಳಿಸಬೇಕು ಎಂಬುದೇ ಆಮೇಲೆ ಉಳಿದ ಮನೆಗಳನ್ನು ಬಲಪಡಿಸುವಾಗ ಕೊಟ್ಟ ಸಲಹೆ. ವರ್ಷ ವರ್ಷ ಹೊಸ ಮಣ್ಣು ಹಾಕುವಾಗ ಹಳೆಯದನ್ನು ಕೆರೆದು ತೆಗೆಯದೆ ಬಿಟ್ಟದ್ದು ತಪ್ಪು. ಮಣ್ಣು ಹಾಕಿದ್ದೇ ತಪ್ಪಲ್ಲ.

ಇನ್ನೊಂದು ಆಕ್ಷೇಪ ಅಂಕಿಯದಲ್ಲ, ನ್ಯಾಯದ್ದು. ಮಾಳಿಗೆ ಎಲ್ಲರದಾಗಿರಲಿಲ್ಲ. ದೊಡ್ಡ ತೊಲೆಯ ತಂಪು ಮನೆ ಗೌಡರದು, ಕುಲಕರ್ಣಿಯದು, ಗಟ್ಟಿ ಒಕ್ಕಲಿಗನದು. ಊರ ಹೊರಗಿನ ಕೇರಿಗಳಲ್ಲಿ ಗುಡಿಸಲೇ ಗತಿ. ಆ ತೊಲೆ ಹೊತ್ತವರೂ, ಮಣ್ಣು ತುಳಿದವರೂ ಬಹಳ ಮಟ್ಟಿಗೆ ಆ ನೆರಳಿಗೆ ಹಕ್ಕಿಲ್ಲದವರೇ. ಅವರ ಮೊಮ್ಮಕ್ಕಳಿಗೆ ಸ್ಲ್ಯಾಬು ಬರೀ ಸೂರಲ್ಲ, ತಲೆಯೆತ್ತಿ ನಿಂತ ಗುರುತು. ನೆಲ ಸಾರಿಸುವ, ಗೋಡೆ ಮೆತ್ತುವ ಕೆಲಸ ವರ್ಷಪೂರ್ತಿ ಬಿದ್ದದ್ದು ಹೆಂಗಸರ ಮೇಲೆ. ಆ ದುಡಿಮೆಗೆ ಯಾರೂ ಕೂಲಿ ಕಟ್ಟಲಿಲ್ಲವಾದ್ದರಿಂದಲೇ ಮಾಳಿಗೆ ಸೋವಿ ಎನಿಸಿಕೊಂಡಿತು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಇದು ನನ್ನ ವಾದವನ್ನೇ ಬಲಪಡಿಸುತ್ತದೆ. ಹಳೆಯ ಸೂರಿನ ಬೆಲೆಯನ್ನು ಹೆಂಗಸರೂ ಆಳುಗಳೂ ಮೈಯಿಂದ ತೆತ್ತರು, ಅದು ಲೆಕ್ಕಕ್ಕೆ ಬರಲಿಲ್ಲ. ಹೊಸ ಸೂರಿನ ಬೆಲೆಯಲ್ಲಿ ಹಣದ ಭಾಗ ಮಾತ್ರ ಲೆಕ್ಕಕ್ಕೆ ಬಂತು; ಹಗಲಿಡೀ ಮನೆಯಲ್ಲೇ ಇರುವ ಹೆಂಗಸರು, ಮುದುಕರು, ಕೂಸುಗಳು ಆ ಸೆಕೆಯಲ್ಲಿ ಬೇಯುವುದು ಇಂದೂ ಬರುವುದಿಲ್ಲ. ಆಗ ಹೊತ್ತವರೇ ಈಗಲೂ ಹೊರುತ್ತಿದ್ದಾರೆ.

ಸೆಕೆಗೆ ಬೆಲೆ ಕಟ್ಟಲಾಗದು ಎನ್ನುವವರು ಇಳಕಲ್ಲು, ಗುಳೇದಗುಡ್ಡಗಳ ನೇಕಾರರ ಮನೆಯತ್ತ ನೋಡಬೇಕು. ಕುಣಿಮಗ್ಗ ನೆಲದೊಳಗೆ ತೋಡಿದ ತಗ್ಗಿನಲ್ಲಿ ಕೂತು ನೇಯುವ ಮಗ್ಗ. ಕಾಲು ತಗ್ಗಿನಲ್ಲಿ, ಹಾಸು ನೆಲದ ಮಟ್ಟಕ್ಕೆ. ಮಣ್ಣಿನ ನೆಲದ ತೇವ ಹತ್ತಿಯ ಎಳೆಯನ್ನು ಮೆತ್ತಗಿಡುತ್ತದೆ. ಒಣ ಬಿಸಿಯಲ್ಲಿ ಎಳೆ ಪದೇ ಪದೇ ತುಂಡಾಗುತ್ತದೆ, ತುಂಡಾದಾಗಲೆಲ್ಲ ಗಂಟು ಹಾಕಲು ಮಗ್ಗ ನಿಲ್ಲುತ್ತದೆ. ನೇಕಾರನಿಗೆ ಕೂಲಿ ಸೀರೆಯ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಲ್ಲ. ಮಾಳಿಗೆ ಮನೆಯಲ್ಲಿ ಮಧ್ಯಾಹ್ನವೂ ಲಾಳಿ ಆಡುತ್ತದೆ. ತಗಡಿನ ಕೆಳಗೆ ಹನ್ನೆರಡಕ್ಕೆ ಎದ್ದು ನಾಲ್ಕರವರೆಗೆ ಹೊರಗೆ ಕೂರಬೇಕಾಗುತ್ತದೆ. ಆ ನಾಲ್ಕು ತಾಸು ಸೀರೆಯ ಬೆಲೆಯಲ್ಲೂ ಕಾಣುವುದಿಲ್ಲ, ತಗಡಿನ ಬೆಲೆಯಲ್ಲೂ ಕಾಣುವುದಿಲ್ಲ. ನೇಕಾರನ ಮನೆಯ ಊಟದಲ್ಲಿ ಕಾಣುತ್ತದೆ. ಈ ಸೀಮೆಯಲ್ಲಿ ಸೂರು ಎಂಬುದು ಉಪಕರಣವೂ ಹೌದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಹಾಗಾದರೆ ಮಾಡಬಹುದಾದದ್ದು ಏನು? ಮರದ ತೊಲೆ, ಒಂದಡಿ ಮಣ್ಣು ಮತ್ತೆ ಬರಲಾರವು, ಬರಬೇಕಾಗಿಯೂ ಇಲ್ಲ. ಆದರೆ ಮಾಳಿಗೆಯಿಂದ ಕಲಿತದ್ದನ್ನು ಸ್ಲ್ಯಾಬಿನ ಮೇಲೆ ಇಡಬಹುದು. ಸೂರಿನ ಹೊರಮೈಗೆ ಪ್ರತಿ ಬೇಸಿಗೆ ಸುಣ್ಣ ಬಳಿಯುವುದು ಕರಲಿನ ಬಿಳಿಚು ಬಣ್ಣ ಮಾಡುತ್ತಿದ್ದ ಕೆಲಸವನ್ನೇ ಇನ್ನೂ ಚೆನ್ನಾಗಿ ಮಾಡುತ್ತದೆ. ಅಹಮದಾಬಾದಿನಲ್ಲಿ ಬಡವರ ಕೇರಿಗಳ ಸೂರಿಗೆ ಬಿಳಿ ಬಳಿಯುವ ಕೆಲಸ 2017ರಲ್ಲಿ ಶುರುವಾಯಿತು, ತೆಲಂಗಾಣ 2023ರಲ್ಲಿ ತಂಪು ಸೂರಿಗೆಂದೇ ಒಂದು ನೀತಿ ತಂದಿತು. ಸ್ಲ್ಯಾಬಿಗೆ ಭಾರ ತಡೆಯುವ ಶಕ್ತಿ ಇದೆಯೋ ಎಂದು ಎಂಜಿನಿಯರರಿಂದ ನೋಡಿಸಿ, ಮೇಲೆ ಬೋರಲು ಗಡಿಗೆಗಳ ಸಾಲು ಜೋಡಿಸಿ ಸುಣ್ಣದ ಗಚ್ಚು ಹಾಕಿದರೆ ಗಡಿಗೆಯೊಳಗಿನ ಗಾಳಿ ಶಾಖದ ದಾರಿಗೆ ಅಡ್ಡ ನಿಲ್ಲುತ್ತದೆ, ಮಣ್ಣಿನ ಭಾರವೂ ಇರುವುದಿಲ್ಲ. ಗೋಡೆಗೆ ಊರಿನ ಮರಳುಗಲ್ಲೇ ಇರಲಿ, ಅಡ್ಡಗಲ್ಲು ಕೂರಿಸಿ, ಸಿಮೆಂಟು ಅಥವಾ ಸುಣ್ಣದ ಗಾರೆಯಲ್ಲಿ. ಕೋಣೆಗೊಂದು ಎತ್ತರದ ಗಾಳಿಕಿಂಡಿ ಬಿಡಲು ಖರ್ಚೇ ಇಲ್ಲ. ಕೈಗೆ ಹಣ ಬಂದಾಗ ನೆಲದ ಹೊಳೆಯುವ ಟೈಲ್ಸಿಗಿಂತ ಮೊದಲು ಸೂರಿಗೆ ಖರ್ಚು ಮಾಡುವುದು ಸರಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ತಗಡು ಮಾತ್ರ, ತುರ್ತಿನ ದಿನಗಳ ಆಚೆಗೆ, ಈ ಸೀಮೆಯ ವಾಸದ ಮನೆಗೆ ಯಾವ ಬೆಲೆಗೆ ಸಿಕ್ಕರೂ ತುಟ್ಟಿಯೇ.

ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗುಡಿಗಳಿಗೆ ಅಂಟಿಕೊಂಡಿರುವ ಊರನ್ನು ಬೇರೆಡೆಗೆ ಒಯ್ಯುವ ಮಾತು ಹಲವು ವರ್ಷಗಳಿಂದ ನಡೆದಿದೆ. ಪ್ರತಿ ನೆರೆಯ ನಂತರ ಅದಕ್ಕೆ ಮತ್ತೆ ಜೀವ ಬರುತ್ತದೆ. ಆ ಕೆಲಸ ನಡೆಯುವ ದಿನ, ನಕ್ಷೆ ಬರೆಯುವ ಅಧಿಕಾರಿಗಳಲ್ಲಿ ಒಂದು ವಿನಂತಿ. ಹಳೆಯ ಊರಿನ ಒಂದು ಮಾಳಿಗೆ ಮನೆಯೊಳಗೂ ‘ಆಸರೆ’ಯ ಒಂದು ಮನೆಯೊಳಗೂ ಮೇ ತಿಂಗಳಲ್ಲಿ ಒಂದು ವಾರ ಉಷ್ಣಮಾಪಕ ಇಟ್ಟು ನೋಡಿ, ಮಧ್ಯಾಹ್ನ ಎರಡಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ. ಆ ಅಂಕಿಗಳನ್ನು ಅಂದಾಜುಪಟ್ಟಿಯ ಮೊದಲ ಹಾಳೆಯಲ್ಲಿ ಬರೆದು, ಅಲ್ಲಿಗೆ ಹೋಗಿ ಬಾಳಬೇಕಾದ ಹೆಂಗಸರ ಮುಂದೆ ಓದಿ ಹೇಳಿ. ಸೂರು ಯಾವುದಿರಬೇಕೆಂಬ ತೀರ್ಮಾನ ಆಮೇಲೆ ಆಗಲಿ.